ತುರ್ಕಿಯ ಕೃದಂತವೂ ನಮ್ಮ ಕೊರತೆಯೂ

ಮಾನ್ಯ ಸಂಪಾದಕರೆ,

ಅನುವಾದ ಕುರಿತು ಕಳೆದ ವಾರ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವು, ಒಂದು ವಾಕ್ಯವನ್ನು ಹೆಸರೊಂದಕ್ಕೆ ವಿಶೇಷಣವಾಗಿ ಜೋಡಿಸುವ, ಇಂಗ್ಲಿಷಿನ ‘ಹೂ’ (who), ‘ವಿಚ್’ (which)ಗಳಂತಹ ಪದಗಳು ಕನ್ನಡಕ್ಕೆ ಇಲ್ಲದಿರುವುದನ್ನು ಕೊರತೆಯೆಂದು ಬಣ್ಣಿಸಿದೆ. ಬಹುಕಾಲ ಕನ್ನಡ ವ್ಯಾಕರಣ ಕಲಿಸಿ, ನಿವೃತ್ತಿಯ ನಂತರ ಹವ್ಯಾಸಕ್ಕೆಂದು ತುರ್ಕಿ ಭಾಷೆಯನ್ನು ಓದುತ್ತಿರುವ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ.

‘ನಮ್ಮೂರ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಎರಕ ಹೊಯ್ದ ರೂಮಿ’ ಎಂದು ವಿಜಯಪುರದ ಯಾರೂ ತಡವರಿಸದೆ ಹೇಳುತ್ತಾರೆ. ‘ಇರುವ’, ‘ಹೊಯ್ದ’ ಎಂಬ ಎರಡು ಕೃದಂತಗಳೇ, ಅಂದರೆ ಧಾತುವಿನಿಂದ ಹುಟ್ಟಿ ನಾಮಪದವನ್ನು ಬಣ್ಣಿಸುವ ರೂಪಗಳೇ, ಇಲ್ಲಿ ‘ಹೂ’, ‘ವಿಚ್’ಗಳ ಎಲ್ಲ ಭಾರವನ್ನೂ ಹೊತ್ತಿವೆ. ಕನ್ನಡಕ್ಕೆ ಯಾವ ಬಂಧುತ್ವವೂ ಇಲ್ಲದ ತುರ್ಕಿಯಲ್ಲಿಯೂ ಇದೇ ದಾರಿ. ‘ಗೆಲ್’ ಎಂದರೆ ಬರು. ಅದಕ್ಕೆ ‘ಎನ್’ ಹಚ್ಚಿದರೆ ‘ಗೆಲೆನ್ ಅದಾಮ್’, ಅಂದರೆ ಬಂದ ಅಥವಾ ಬರುವ ಮನುಷ್ಯ. ನಡುವೆ ನಿಷೇಧದ ‘ಮೆ’ ಸೇರಿದರೆ ‘ಗೆಲ್ಮೆಯೆನ್’, ನಮ್ಮ ‘ಬಾರದ’. ಧಾತುವಿನ ಸ್ವರಕ್ಕೆ ತಕ್ಕಂತೆ ಪ್ರತ್ಯಯದ ಸ್ವರವೂ ಬದಲಾಗುವುದರಿಂದ, ನೋಡು ಎಂಬರ್ಥದ ‘ಬಕ್’ ಧಾತುವಿನಿಂದ ‘ಬಕಾನ್’ ಆಗುತ್ತದೆ. ಮಂತ್ರಿಗೂ ಅಲ್ಲಿ ಅದೇ ಪದ; ನೋಡಿಕೊಳ್ಳುವವನೆಂಬ ಆ ಅರ್ಥ ಎಲ್ಲ ಮಂತ್ರಿಗಳಿಗೂ ಹೊಂದುತ್ತದೆಯೋ ಇಲ್ಲವೋ, ಅದು ಬೇರೆ ಮಾತು.

ಆದರೆ ಒಂದು ಕಡೆ ತುರ್ಕಿ ನಮಗಿಂತ ಕಟ್ಟುನಿಟ್ಟು. ‘ಓದಿದ ಹುಡುಗ’, ‘ಓದಿದ ಪುಸ್ತಕ’ ಎರಡಕ್ಕೂ ನಮಗೆ ಒಂದೇ ರೂಪ ಸಾಕು. ಅವರಲ್ಲಿ ಓದುವವನಿಗೆ ‘ಓಕುಯಾನ್’ ಎಂಬ ರೂಪವಿದ್ದರೆ, ನಾನು ಓದಿದ ಪುಸ್ತಕ ‘ಓಕುದೂಮ್ ಕಿತಾಪ್’ ಆಗುತ್ತದೆ. ಓದಿದ್ದು ಯಾರು ಎಂಬುದನ್ನು ಕೊನೆಯ ‘ಮ್’ ಅಕ್ಷರವೇ, ‘ನನ್ನ’ ಎಂಬ ಅರ್ಥದಲ್ಲಿ, ಸಾರುತ್ತದೆ. ಇನ್ನು ಮುಂದೆ ಓದಬೇಕಾದ ಪುಸ್ತಕಕ್ಕೆ ಬೇರೆಯೇ ಪ್ರತ್ಯಯವುಂಟು.

ನಾನು ತರಗತಿಯಲ್ಲಿ ‘ಹುಲಿ ಕೊಂದ ಮನುಷ್ಯ’ ಎಂದು ಬರೆದು, ಸತ್ತವರು ಯಾರೆಂದು ಕೇಳಿದಾಗಲೆಲ್ಲ ಮಕ್ಕಳು ಎರಡು ಗುಂಪಾಗುತ್ತಿದ್ದರು. ತುರ್ಕಿಯಲ್ಲಿ ಆ ಜಗಳವೇ ಹುಟ್ಟದು: ಕೊಂದವನು ಮನುಷ್ಯನಾದರೆ ‘ಎನ್’ ಪ್ರತ್ಯಯ ಬರುತ್ತದೆ, ಕೊಂದದ್ದು ಹುಲಿಯಾದರೆ, ‘ಓಕುದೂಮ್’ನಲ್ಲಿ ‘ದೂ’ ಆಗಿ ಕಂಡ ‘ದಿಕ್’ ಪ್ರತ್ಯಯ ಬಂದು ಹುಲಿಯು ಷಷ್ಠೀ ವಿಭಕ್ತಿಯನ್ನು ತಾಳುತ್ತದೆ. ಕನ್ನಡದಲ್ಲಿ ಕೊರತೆಯನ್ನು ಹುಡುಕಲೇಬೇಕೆಂದಿದ್ದರೆ ಲೇಖಕರು ಇಲ್ಲಿ ಹುಡುಕಬಹುದಿತ್ತು. ಅದನ್ನೂ ನಾವು ‘ಹುಲಿಯನ್ನು’ ಎಂದು ದ್ವಿತೀಯಾ ವಿಭಕ್ತಿ ಹಚ್ಚಿ ಸರಿಪಡಿಸಿಕೊಳ್ಳುತ್ತೇವೆ.

ಇತಿ,
ನಿವೃತ್ತ ಕನ್ನಡ ಶಿಕ್ಷಕ, ವಿಜಯಪುರ