ದಸರಾ ಹತ್ತು ದಿನ ಸರಿ, ಮಿಕ್ಕ ಶನಿವಾರಗಳಿಗೆ ಏನ್ ಗತಿ?

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ಇದೇ ಓದುಗರ ಕಾಲಂನಲ್ಲಿ ಹಿರಿಯರೊಬ್ಬರು ಮೈಸೂರಿಗೆ ನೈಟ್‌ಲೈಫ್ ಅನ್ನೋದೆಲ್ಲ ಬೇಡ, ರಾತ್ರಿ ಒಂಬತ್ತಕ್ಕೆ ಮಲಗೋ ಊರು ಇದು, ಹಾಗೇ ಇರ್ಲಿ ಅಂತ ಬರೆದಿದ್ರು. ಓದಿ ಮೊದ್ಲು ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು, ಅದಕ್ಕೇ ಈ ಪತ್ರ. ನೈಟ್‌ಲೈಫ್ ಅಂದ ತಕ್ಷಣ ನಮ್ಮೋರಿಗೆ ಕುಡಿತ, ಡಿಜೆ, ವೀಲಿಂಗ್ ಇಷ್ಟೇ ಯಾಕೆ ಕಣ್ಮುಂದೆ ಬರುತ್ತೋ. ವಿ.ವಿ. ಮೊಹಲ್ಲಾ 8ನೇ ಕ್ರಾಸ್ ಗಣಪತಿ ಪೆಂಡಾಲ್‌ನಲ್ಲಿ 1962ರಿಂದ ಸಂಗೀತ ಕಛೇರಿ ನಡ್ಕೊಂಡು ಬಂದಿದೆ, ರಸ್ತೆಗೇ ಕುರ್ಚಿ ಹಾಕಿ, ಕುರ್ಚಿ ಸಾಲ್ದೆ ಇದ್ರೆ ಅಕ್ಕಪಕ್ಕದ ಮನೆ ಕಾಂಪೌಂಡ್ ಗೋಡೆಗೆ ಒರಗಿ ನಿಂತು, ತನಿ ಆವರ್ತನ (ಮೃದಂಗದವರು ಒಬ್ಬರೇ ನುಡಿಸೋ ಭಾಗ) ಮುಗಿಯೋವರೆಗೂ ಒಬ್ಬರೂ ಎದ್ದು ಹೋಗ್ದೆ ಕೇಳ್ತಾರಲ್ಲ, ಅದು ನೈಟ್‌ಲೈಫ್ ಅಲ್ವ? ನಂಜನಗೂಡು, ಮಳವಳ್ಳಿ ಕಡೆ ಹಬ್ಬದಲ್ಲಿ ಮಂಟೇಸ್ವಾಮಿ ಪದ ಹಾಡೋ ನೀಲಗಾರರು ತಂಬೂರಿ ಹಿಡಿದು ಕೂತ್ರೆ ಬೆಳಕು ಹರಿಯೋವರೆಗೂ ಏಳ್ತಿರ್ಲಿಲ್ಲ. ರಾತ್ರಿ ಎದ್ದಿರೋದನ್ನ ಬೆಂಗಳೂರಿನವರು ಬಂದು ನಮಗೆ ಹೇಳಿಕೊಡ್ಬೇಕಾ ಸ್ವಾಮಿ.

ನಾನು 90ರ ದಶಕದಲ್ಲಿ ಇದೇ ಊರಲ್ಲಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸ್ತಿದ್ದೋನು. ಗಣಪತಿ ಸೀಸನ್ ಬಂತು ಅಂದ್ರೆ ಒಂದು ತಿಂಗಳು ಮನೆಯವರಿಗೆ ನನ್ನ ಮುಖ ಕಾಣ್ತಿರ್ಲಿಲ್ಲ, ಮಂಡ್ಯ, ಮದ್ದೂರು, ಕೆ.ಆರ್. ನಗರ, ಟಿ. ನರಸೀಪುರ ಅಂತ ಮೆಟಡೋರ್‌ನಲ್ಲಿ ಸ್ಪೀಕರ್ ಬಾಕ್ಸ್ ಮೇಲೇ ಕೂತು ಹೋಗೋದು, ಬೆಳಗಿನ ಜಾವ ವಾಪಸ್ ಬಂದು ಬಸ್ ಸ್ಟ್ಯಾಂಡ್ ಹತ್ರ ಟೀ ಕುಡಿದು ಮಲಗೋದು. ಕೀಬೋರ್ಡ್ ಈಗ ಅಟ್ಟದ ಮೇಲಿದೆ, ಎರಡು ಕೀ ಎದ್ದೇಳಲ್ಲ. ಹೊಟ್ಟೆಪಾಡಿಗೆ ಝೆರಾಕ್ಸ್ ಅಂಗಡಿ. ಆದ್ರೆ ಕಿವಿ ಮಾತ್ರ ಇನ್ನೂ ಅಲ್ಲೇ ಇದೆ, ಎಲ್ಲಾದ್ರೂ ಲೈವ್ ಇದೆ ಅಂದ್ರೆ ಹೋಗ್ದೆ ಇರಕ್ಕಾಗಲ್ಲ.

ಕಳೆದ ತಿಂಗಳು ಒಂದು ಶನಿವಾರ ಗೋಕುಲಂನಲ್ಲಿ ಒಂದು ಕೆಫೆ ಟೆರೇಸ್ ಮೇಲೆ ಹೀಗೇ ಹೋಗಿ ಕೂತೆ. ಹೆಚ್ಚು ಅಂದ್ರೆ ನಲವತ್ತು ಜನ ಇದ್ರು, ಅರ್ಧ ಕಾಲೇಜ್ ಮಕ್ಕಳು, ಯೋಗ ಕಲಿಯಕ್ಕೆ ಬಂದಿರೋ ಫಾರಿನರ್ಸ್ ಐದಾರು ಜನ, ಮೂಲೇಲಿ ನನ್ನ ಥರದ ಎರಡು ಬಿಳಿ ತಲೆ. ಒಬ್ಬ ಗಿಟಾರ್, ಒಬ್ಬ ಕಹೋನ್ (ಅದೇ, ಮರದ ಡಬ್ಬದ ಮೇಲೆ ಕೂತು ಬಡೀತಾರಲ್ಲ ಅದು), ಒಬ್ಬ ಹುಡುಗಿ ವಯಲಿನ್. ಮೊದಲ ಅರ್ಧ ಗಂಟೆ ಹಿಂದಿ, ಇಂಗ್ಲಿಷ್ ಹಾಡುಗಳೇ, ಚೆನ್ನಾಗಿ ಹಾಡಿದ್ರು, ಆದ್ರೆ ಫೋನ್ ಕೆಳಗಿಟ್ಟು ಕೇಳಿದವರು ಕಮ್ಮಿ. ಆಮೇಲೆ ನಂಜನಗೂಡು ಕಡೆಯ ಒಬ್ಬ ಹಿರಿಯರನ್ನ ಮುಂದೆ ಕರೆದ್ರು. ಬಿಳಿ ಪಂಚೆ, ಹೆಗಲ ಮೇಲೆ ತಂಬೂರಿ, ಕೈಯಲ್ಲಿ ಗಗ್ಗರ, ಅದೇ ಝಲ್ ಝಲ್ ಅನ್ನೋ ಲೋಹದ ಬಳೆ. ಕೂತು ತಂತಿ ಮೀಟಿ ಶ್ರುತಿ ಮಾಡ್ತಾರೆ ಮಾಡ್ತಾರೆ, ಗಿಟಾರ್ ಹುಡುಗ ಸುಮ್ನೆ ನೋಡ್ದ, ಆಮೇಲೆ ಮೆಲ್ಲಗೆ ತನ್ನ ಕೇಪೋ (ತಂತಿ ಒತ್ತಿ ಶ್ರುತಿ ಏರಿಸೋ ಕ್ಲಿಪ್ಪು) ತೆಗೆದು ಅವರ ಶ್ರುತಿಗೇ ತನ್ನ ಗಿಟಾರ್ ಇಳಿಸ್ಕೊಂಡ. ಅವರೇನು ಇವನ ಕಡೆ ತಿರುಗಿ ನೋಡ್ಲಿಲ್ಲ, ಗಗ್ಗರ ಒಂದು ಸಲ ಝಲ್ ಅನ್ಸಿ ಮಾದಪ್ಪನ ಪದ ಎತ್ತಿಕೊಂಡ್ರು ನೋಡಿ, ಟೆರೇಸ್ ಮೇಲಿದ್ದ ಅಷ್ಟೂ ಫೋನ್ ಕೆಳಗೆ ಇಳಿದವು. ಕಹೋನ್ ಹುಡುಗ ಎರಡು ಸಲ ತಾಳ ತಪ್ಪಿದ, ಮೂರನೇ ಸಲ ಹಿಡ್ಕೊಂಡ, ಹಿಡ್ಕೊಂಡಾಗ ಅವನಿಗೇ ನಗು ತಡೆಯಕ್ಕಾಗ್ಲಿಲ್ಲ. ನಾನು ಇಪ್ಪತ್ತು ವರ್ಷ ಸ್ಟೇಜ್ ಮೇಲಿದ್ದೋನು ಸಾರ್, ಮೈ ಜುಂ ಅಂತು.

ಮುಗಿದ ಮೇಲೆ ಹುಡುಗರ ಹತ್ರ ಮಾತಾಡ್ದೆ. ಕೆಫೆಯವರು ರಾತ್ರಿ ಊಟ ಕೊಡ್ತಾರಂತೆ, ಜೊತೆಗೆ ಎರಡು ಸಾವಿರ, ಅದನ್ನ ನಾಲ್ಕು ಜನ ಹಂಚ್ಕೋಬೇಕು. ಗಿಟಾರ್ ಕೇಸ್‌ಗೆ ಒಂದು ಕ್ಯೂಆರ್ ಕೋಡ್ ಅಂಟಿಸಿದ್ರು, ಅದಕ್ಕೆ ದುಡ್ಡು ಹಾಕ್ದೋರನ್ನ ನಾನು ಲೆಕ್ಕ ಹಾಕಿದೆ, ಏಳು ಜನ. ಮುನ್ನೂರು ರೂಪಾಯಿ ಪಾಸ್ತಾ ತಿಂದೋರು ಹಾಡಿಗೆ ಐವತ್ತು ಹಾಕಲ್ಲ. ಪೊಲೀಸರನ್ನೂ ಕಾರ್ಪೊರೇಷನ್‌ನೂ ಬೈಯೋದು ಆಮೇಲಿರ್ಲಿ, ಫ್ರೀ ಪಾಸ್‌ಗೆ ಕಾಯೋ ರೋಗ ನಮ್ಮದೇ, ನನ್ನದೂ ಸೇರಿ. ದಸರಾ ಬಂದ್ರೆ ಸಾಕು ಗೊತ್ತಿರೋರಿಗೆಲ್ಲ ಫೋನ್ ಮಾಡಿ ಪಾಸ್ ಇದ್ಯಾ ಅಂತ ಕೇಳೋದು ನಾವೇ ತಾನೆ.

ಹತ್ತು ಗಂಟೆಗೆ ಕರೆಕ್ಟಾಗಿ ನಿಲ್ಸಿದ್ರು, ಅದ್ರಲ್ಲಿ ತಪ್ಪಿಲ್ಲ. 2000ದ ಶಬ್ದಮಾಲಿನ್ಯ ನಿಯಮ ಅದನ್ನೇ ಹೇಳೋದು, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಬೇಡ, ಹಬ್ಬ ಹರಿದಿನ ಅಂತ ಸರ್ಕಾರ ಹನ್ನೆರಡರವರೆಗೆ ರಿಯಾಯಿತಿ ಕೊಟ್ರೂ ವರ್ಷಕ್ಕೆ 15 ದಿನ ದಾಟೋ ಹಾಗಿಲ್ಲ. ಮನೆಗಳಿರೋ ಏರಿಯಾಗೆ ಹಗಲು 55 ಡೆಸಿಬೆಲ್, ರಾತ್ರಿ 45. ಇರ್ಲಿ, ಮಲಗೋರು ಮಲಗ್ಲಿ, ಪರೀಕ್ಷೆಗೆ ಓದೋ ಮಕ್ಕಳೂ ಇರ್ತಾರೆ. ನಮ್ಮ ಊರಿನ ತೊಂದ್ರೆ ಹತ್ತು ಗಂಟೆ ಅಲ್ಲ ಸಾರ್, ಏಳು ಗಂಟೆ. ಪ್ರೋಗ್ರಾಂ ಕಾರ್ಡಲ್ಲಿ ಸಂಜೆ ಆರಕ್ಕೆ ಅಂತಿರುತ್ತೆ, ಮುಖ್ಯ ಅತಿಥಿ ಬರೋದು ಏಳೂವರೆಗೆ, ಆಮೇಲೆ ದೀಪ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಮೈಸೂರು ಪೇಟ, ನೆನಪಿನ ಕಾಣಿಕೆ, ಫೋಟೋ, ಇನ್ನೊಂದು ಫೋಟೋ, ಕಲಾವಿದರು ಮೈಕ್ ಮುಂದೆ ಬಂದಾಗ ಒಂಬತ್ತು ಗಂಟೆ. ಏಳಕ್ಕೆ ಹಾಡು ಶುರು ಮಾಡಿ ಹತ್ತಕ್ಕೆ ನಿಲ್ಸಿದ್ರೆ ಮೂರು ಗಂಟೆ ಸಂಗೀತ ಆಯ್ತು, ಯಾವ ಕಾನೂನೂ ಮುರಿಯಲ್ಲ.

ಸೌಂಡ್ ವಿಷಯ ಬಂತಲ್ಲ, ಇದನ್ನೂ ಹೇಳಿಬಿಡ್ತೀನಿ. ಪಿಟೀಲು ಚೌಡಯ್ಯನವರು ನಮ್ಮ ತಿರುಮಕೂಡಲಿನವರು, ಮೈಸೂರಲ್ಲಿ ಬಿಡಾರಂ ಕೃಷ್ಣಪ್ಪನವರ ಹತ್ರ ಕಲಿತೋರು. ಮೈಕ್ ಇಲ್ಲದ ಕಾಲ, ಹಿಂದಿನ ಸಾಲಿನವರಿಗೂ ಕೇಳ್ಬೇಕು ಅಂತ ಪಿಟೀಲಿಗೆ ನಾಲ್ಕರ ಬದಲು ಏಳು ತಂತಿ ಮಾಡ್ಕೊಂಡ್ರು. ಅಂಥ ಊರಲ್ಲಿ ಈಗ ಮೂವತ್ತು ಕುರ್ಚಿ ಇರೋ ಜಾಗಕ್ಕೆ ಮದುವೆ ಛತ್ರದ ಸ್ಪೀಕರ್ ತಂದು ನಿಲ್ಸಿ ಪಕ್ಕದ ಮನೆಯವರ ಹತ್ರ ಬೈಸ್ಕೋತಾರೆ. ಒಂದು ಪಬ್‌ನಲ್ಲಿ ಹಾಡೋಳ ಬಾಯಿ ಆಡ್ತಿದೆ, ನನಗೆ ಕೇಳ್ತಿರೋದು ಬರೀ ಧಡ್ ಧಡ್. ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡಪ್ಪ ಅಂದ್ರೆ ಆ ಸೌಂಡ್ ಹುಡುಗ ನನ್ನ ತಲೆ ಕೂದ್ಲು ನೋಡಿ ನಕ್ಕ.

ಅವತ್ತು ರಾತ್ರಿ ಗೋಕುಲಂನಿಂದ ಅಗ್ರಹಾರಕ್ಕೆ ಬರಕ್ಕೆ ಬಸ್ ಇಲ್ಲ. ಆಟೋದವನು ಮೀಟರ್ ಕಡೆ ನೋಡ್ಲೇ ಇಲ್ಲ, ಡಬಲ್ ಮೇಲೆ ಇಪ್ಪತ್ತು ಅಂದ. ನಡೆದೇ ಬಂದೆ, ಇನ್ನೂ ಹತ್ತೂ ಮುಕ್ಕಾಲು, ಸಯ್ಯಾಜಿರಾವ್ ರಸ್ತೇಲಿ ಒಂದು ಎಗ್‌ರೈಸ್ ಗಾಡಿ, ಮೂರು ನಾಯಿ, ನಾನು. ಗಂಡಸು ನಾನು, ನಡೆದೆ. ವಯಲಿನ್ ನುಡಿಸಿದ ಹುಡುಗಿ ಕೊನೇ ಪದ ಮುಗಿಯೋಕೆ ಮುಂಚೆನೇ ಬಾಕ್ಸ್ ಮುಚ್ಕೊಂಡು ಹೊರಟಿದ್ಲು, ಅವಳಪ್ಪ ಸ್ಕೂಟರ್‌ನಲ್ಲಿ ಕೆಳಗೆ ಕಾಯ್ತಿದ್ರು. ಸಿಟಿ ಬಸ್ ಸ್ಟ್ಯಾಂಡ್‌ನಿಂದ ಶನಿವಾರ, ಭಾನುವಾರ ಮಾತ್ರ ಹತ್ತೂವರೆಗೆ ನಾಲ್ಕು ದಿಕ್ಕಿಗೆ ಒಂದೊಂದು ಬಸ್ ಬಿಟ್ರೂ ಎಷ್ಟೋ ಹೆಣ್ಮಕ್ಕಳು ಪೂರ್ತಿ ಪ್ರೋಗ್ರಾಂ ಕೇಳ್ತಾರೆ, ನುಡಿಸ್ತಾರೆ ಕೂಡ.

ದಸರಾ ಬೇಡ ಅಂತ ನಾನು ಹೇಳ್ತಿಲ್ಲ. ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ಕೇಳೋ ಖುಷಿ ಬೇರೆ ಎಲ್ಲೂ ಸಿಗಲ್ಲ. ಆದ್ರೆ ಯುವ ದಸರಾ ನೋಡಿ, ಮಹಾರಾಜ ಕಾಲೇಜು ಮೈದಾನದಲ್ಲಿ ಇದ್ದಾಗ ನಡ್ಕೊಂಡು ಹೋಗಿ ಬರ್ತಿದ್ವಿ, 2024ರಲ್ಲಿ ಊರಾಚೆ ಉತ್ತನಹಳ್ಳಿಗೆ ಹೋಯ್ತು, ದೊಡ್ಡ ಸ್ಟೇಜ್, ಹೊರಗಿನ ದೊಡ್ಡ ಹೆಸರು, ಗಾಡಿ ಇಲ್ದೋರು ಮನೇಲೇ ಯೂಟ್ಯೂಬ್. ಹತ್ತು ದಿನ ಹೀಗೆ ಕಿವಿಗಡಚಿಕ್ಕಿ ಮಿಕ್ಕ ದಿನ ಪೂರಾ ಮೌನವ್ರತ. ಮೈಸೂರಲ್ಲಿ ಬೆಳೆದ ರಘು ದೀಕ್ಷಿತ್ ಶರೀಫಜ್ಜನ ತತ್ವಪದಾನ ಗಿಟಾರ್ ಜೊತೆ ಹಾಡ್ಕೊಂಡು ಹೊರದೇಶದವರೆಗೂ ಹೋಗಿಬಂದ್ರು, ಇನ್ನೊಬ್ಬ ಅಂಥೋರು ಈಗ ಎಲ್ಲಿ ಹಾಡಿ ಪಳಗ್ಬೇಕು ಹೇಳಿ.

ನನ್ನ ತಲೇಲಿರೋದು ಚಿಕ್ಕ ವಿಷಯ. ಭಾನುವಾರ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕ್ತಾರೆ, ಹತ್ರ ಹತ್ರ ಒಂದು ಲಕ್ಷ ಬಲ್ಬು, ಮುಕ್ಕಾಲು ಗಂಟೆ ಜನ ಬಾಯಿ ಬಿಟ್ಕೊಂಡು ನೋಡ್ತಾರೆ. ಆರಿದ ಕೂಡ್ಲೆ ಚುರುಮುರಿ ತಿಂದು ಪಾರ್ಕಿಂಗ್ ಕಡೆ ಓಟ. ಅಲ್ಲೇ ನಡೆದು ಹೋಗೋ ದೂರದಲ್ಲಿ ಟೌನ್‌ಹಾಲ್ ಇದೆ, ದಿವಾನ್ ರಂಗಾಚಾರ್ಲು ಹೆಸರಲ್ಲಿ 1884ರಲ್ಲಿ ಕಟ್ಟಿದ್ದು. ಅದರ ಮುಂದೆ ಎರಡು ಸಣ್ಣ ಸ್ಪೀಕರ್, ಇನ್ನೂರು ಕುರ್ಚಿ, ಎಂಟರಿಂದ ಒಂಬತ್ತೂಮುಕ್ಕಾಲು, ಒಂದು ವಾರ ಕಂಸಾಳೆ, ಒಂದು ವಾರ ಕಾಲೇಜ್ ಬ್ಯಾಂಡ್, ಒಂದು ವಾರ ವೀಣೆ, ಒಂದು ವಾರ ನಮ್ಮ ಥರದ ಹಳೇ ಆರ್ಕೆಸ್ಟ್ರಾದವರು. ಟಿಕೆಟ್ ಐವತ್ತು ರೂಪಾಯಿ, ಪಾಸ್ ಯಾರಿಗೂ ಇಲ್ಲ, ಕಾರ್ಪೊರೇಟರ್‌ಗೂ ಇಲ್ಲ. ಭಾಷಣವಂತೂ ಬೇಡ್ವೇ ಬೇಡ. ಪರ್ಮಿಷನ್‌ಗೆ ಹುಡುಗರು ನಾಲ್ಕು ಆಫೀಸ್ ಅಲೆಯೋ ಬದ್ಲು ಕಾರ್ಪೊರೇಷನ್‌ನವರೇ ವರ್ಷಕ್ಕೆ ಒಂದು ಸಲ ತಗೊಂಡು ಇಟ್ಕೊಳ್ಳಲಿ.

ಹೋದ ವಾರ ಪತ್ರ ಬರೆದ ಹಿರಿಯರಿಗೆ ಒಂದು ಮಾತು. ಬರೋ ತಿಂಗಳು ಎರಡನೇ ಶನಿವಾರ ಆ ನಂಜನಗೂಡಿನವರು ಅದೇ ಟೆರೇಸ್‌ಗೆ ಮತ್ತೆ ಬರ್ತಾರಂತೆ, ಏಳಕ್ಕೆ ಶುರು. ನೀವೂ ಬನ್ನಿ ಸಾರ್, ವಾಪಸ್ ನನ್ನ ಸ್ಕೂಟರ್‌ನಲ್ಲೇ ಬಿಡ್ತೀನಿ, ಈ ಸಲ ಬಸ್ ನಂಬ್ಕೊಂಡು ಹೋಗಲ್ಲ.

ಇಂತಿ,
ಹಳೇ ಕೀಬೋರ್ಡ್ ಪ್ಲೇಯರ್ ಒಬ್ಬ
ಅಗ್ರಹಾರ, ಮೈಸೂರು