ಜಿಮ್ನಿ ಎತ್ತರಿಸುವ ಮುಂಚೆ: ಜರ್ಮನಿಗೆ ಹೊಸದಾಗಿ ಬಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನೀನು ಕಳಿಸಿದ ಫೋಟೊಗಳನ್ನೆಲ್ಲ ನೋಡಿದೆ. ಗಾಡಿ ನಿಜಕ್ಕೂ ಚೆನ್ನಾಗಿದೆ. ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುವ ಈ ದೇಶದಲ್ಲಿ ಚಾಸಿಗೆ ತುಕ್ಕು ಹಿಡಿಯದ ಹಳೇ ಸುಜುಕಿ ಜಿಮ್ನಿ ಸಿಕ್ಕಿತಲ್ಲ, ಅದೇ ದೊಡ್ಡದು. ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ಕೆಸರಿಗೆಂದೇ ಮಾಡಿದ ಅಗಲದ ಮಡ್ ಟೈರು, ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್, ತಲೆಯ ಮೇಲೊಂದು ಎಲ್ಇಡಿ ಬಾರ್ ಅಂತ ನಿನ್ನ ಪಟ್ಟಿ ಓದಿ ಖುಷಿಯಾಯಿತು. ಆದರೆ ಈ ವಾರವೇ ಆರ್ಡರ್ ಹಾಕುತ್ತೇನೆ ಅಂದಿದ್ದೀಯಲ್ಲ, ಅದಕ್ಕೇ ತಡಮಾಡದೆ ಬರೆಯುತ್ತಿದ್ದೇನೆ. ದಯವಿಟ್ಟು ತಡಿ. ಇಲ್ಲಿ ಮೊದಲು ಕಾಗದ ನೋಡಬೇಕು, ಸಾಮಾನು ಆಮೇಲೆ.

ಜರ್ಮನಿಯಲ್ಲಿ ಪ್ರತಿ ಗಾಡಿಗೂ ರಸ್ತೆಯಲ್ಲಿ ಓಡಲು ಒಂದು ಮೂಲ ಅನುಮತಿ ಇರುತ್ತದೆ. ಬೆಟ್ರೀಬ್ಸ್‌ಎರ್ಲೌಬ್ನಿಸ್ ಅಂತಾರೆ. ಜನಕ್ಕೆ ಅಪಾಯವಾಗಬಹುದಾದ ಅಥವಾ ಹೊಗೆ, ಸದ್ದು ಹೆಚ್ಚಿಸುವ ಬದಲಾವಣೆ ಮಾಡಿ ಸುಮ್ಮನಿದ್ದುಬಿಟ್ಟರೆ ವಾಹನ ನಿಯಮಾವಳಿಯ 19ನೇ ಕಲಮಿನ ಪ್ರಕಾರ ಆ ಅನುಮತಿ ತಾನಾಗಿಯೇ ಬಿದ್ದುಹೋಗುತ್ತದೆ. ಯಾರೂ ನೋಟಿಸ್ ಕಳಿಸುವುದಿಲ್ಲ. ಪೊಲೀಸರ ಕೈಗೆ ಸಿಕ್ಕರೆ ದಂಡ ಕಟ್ಟಿ ಮುಗಿಸಬಹುದು. ನನಗೆ ಅದಕ್ಕಿಂತ ಹೆಚ್ಚಿನ ಭಯ ವಿಮೆಯದ್ದು. ಅಪಘಾತವಾದಾಗ ಎದುರಿನವರಿಗೆ ವಿಮಾ ಕಂಪನಿ ಹಣ ಕೊಡುತ್ತದೆ ನಿಜ, ಆದರೆ ನೋಂದಾಯಿಸದ ಆ ಬದಲಾವಣೆಯೇ ಕಾರಣ ಅನ್ನಿಸಿದರೆ ಆಮೇಲೆ ನಿನ್ನ ಮನೆ ಬಾಗಿಲಿಗೆ ಬರುತ್ತದೆ. ನಿನ್ನದೇ ಗಾಡಿಯ ನಷ್ಟಕ್ಕೆ ಕೈ ಎತ್ತಲೂಬಹುದು.

ಸಾಮಾನಿನ ಜೊತೆ ಬರುವ ಕಾಗದ ಎಲ್ಲವೂ ಒಂದೇ ಅಲ್ಲ. ಕೆಲವಕ್ಕೆ ಆ-ಬೇ-ಏ ಇರುತ್ತದೆ. ಅಂದರೆ ಕೆ-ಬಿ-ಎ ಅನ್ನುವ ಕೇಂದ್ರ ವಾಹನ ಕಚೇರಿ ಆ ಭಾಗಕ್ಕೇ ಅನುಮತಿ ಕೊಟ್ಟಿದೆ, ಭಾಗದ ಮೇಲೆ ಕೆ-ಬಿ-ಎ ನಂಬರ್ ಅಚ್ಚಾಗಿರುತ್ತದೆ. ಷರತ್ತುಗಳು ಹೊಂದಿದರೆ ಕಾಗದವನ್ನು ಗಾಡಿಯಲ್ಲಿಟ್ಟುಕೊಂಡು ಓಡಾಡಬಹುದು. ಇನ್ನು ಕೆಲವಕ್ಕೆ ಟೈಲೆಗುಟಾಖ್ಟೆನ್ ಅನ್ನುವ ಪರೀಕ್ಷಾ ವರದಿ ಇರುತ್ತದೆ. ಲಿಫ್ಟ್ ಸ್ಪ್ರಿಂಗುಗಳ ಜೊತೆ ಸಾಮಾನ್ಯವಾಗಿ ಬರುವುದು ಇದೇ. ಇದಿದ್ದರೆ ಜೋಡಿಸಿದ ತಕ್ಷಣ ಟ್ಯೂಫ್, ಡೆಕ್ರಾ, ಗೇ-ಟೇ-ಯು ಅನ್ನುವ ತಪಾಸಣಾ ಸಂಸ್ಥೆಗಳಲ್ಲಿ ಯಾವುದಾದರೊಂದು ಕಡೆ ತೋರಿಸಿ ಒಪ್ಪಿಗೆ ಪಡೆಯಲೇಬೇಕು. ಎರಡೂ ಇಲ್ಲದಿದ್ದರೆ ಉಳಿಯುವುದು 21ನೇ ಕಲಮಿನ ಐನ್ಸೆಲ್‌ಆಬ್‌ನಾಮೆ, ನಿನ್ನ ಒಂದು ಗಾಡಿಯನ್ನಷ್ಟೇ ಮುಂದಿಟ್ಟುಕೊಂಡು ಮಾಡುವ ಪೂರ್ತಿ ತಪಾಸಣೆ. ದುಬಾರಿಯೂ ಹೌದು, ಆ ಅಧಿಕಾರವಿರುವ ತಜ್ಞರೇ ಬೇಕು.

ಈಗ ನಿನ್ನ ಪಟ್ಟಿಗೆ ಬರುತ್ತೇನೆ. ಸ್ಪ್ರಿಂಗಿನ ವರದಿ ತೆಗೆದು ಕೊನೆಯ ಪುಟಗಳ ಷರತ್ತು ಓದು: ಕಂಪನಿ ಕೊಟ್ಟ ಅಳತೆಯ ಟೈರುಗಳೊಂದಿಗೆ ಪರೀಕ್ಷಿಸಲಾಗಿದೆ ಅಂತಿರುತ್ತದೆ. ಟೈರು ಮತ್ತು ರಿಮ್ಮಿನ ವರದಿ ಓದು: ಕಂಪನಿ ಕೊಟ್ಟ ಸ್ಪ್ರಿಂಗುಗಳಿದ್ದರೆ ಮಾತ್ರ ಅಂತಿರುತ್ತದೆ. ಒಂದೊಂದನ್ನೇ ಹಾಕಿದರೆ ಎರಡೂ ಸಲೀಸು. ಒಟ್ಟಿಗೆ ಹಾಕಿದೆಯೋ, ಎರಡು ವರದಿಗಳಲ್ಲಿ ಯಾವುದೂ ನಿನ್ನ ಗಾಡಿಯ ಬಗ್ಗೆ ಮಾತಾಡುತ್ತಿಲ್ಲ. ಎರಡು ಕಾಗದ ಸೇರಿಸಿ ಪಿನ್ ಹೊಡೆದರೆ ಮೂರನೆಯ ಅನುಮತಿ ಹುಟ್ಟುವುದಿಲ್ಲ. ಸಾವಿರಾರು ಯುರೋ ಸುರಿದವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಅಂಗಡಿಯವರು 'ಟ್ಯೂಫ್ ಸಮೇತ' ಅಂತ ಬರೆದಿರುವುದು ಸುಳ್ಳಲ್ಲ, ಆದರೆ ಅದು ಆ ಒಂದು ಸಾಮಾನಿಗೆ ಮಾತ್ರ. ಅದಕ್ಕೇ ಹೇಳುವುದು, ಆರ್ಡರ್ ಹಾಕುವ ಮೊದಲೇ ವರದಿಗಳ ಪ್ರತಿ ತರಿಸಿಕೊಂಡು, ಆಫ್‌ರೋಡ್ ಗಾಡಿ ಗೊತ್ತಿರುವ ಒಬ್ಬ ತಪಾಸಕರ ಮುಂದೆ ಹರಡಿಕೊಂಡು ಕೂತುಕೋ. ಈ ಸ್ಪ್ರಿಂಗು, ಈ ಟೈರು, ಈ ರಿಮ್ಮು, ಇಷ್ಟನ್ನೂ ಸೇರಿಸಿದರೆ ಒಪ್ಪುತ್ತೀರಾ ಅಂತ ನೇರವಾಗಿ ಕೇಳು. ಅವರು ಬೇಡ ಅಂದದ್ದನ್ನು ಕೊಳ್ಳಬೇಡ.

ಟೈರಿನ ವಿಷಯದಲ್ಲಿ ನನ್ನದೊಂದು ಹಟವಿದೆ. ನಿನ್ನ ಗಾಡಿಗೆ ಮೂಲತಃ ಇರುವುದು 205/70 ಆರ್15. ವ್ಯಾಸ ಸುಮಾರು 668 ಮಿ.ಮೀ. ನೀನು ಹೇಳುತ್ತಿರುವ 235/75 ಆರ್15 ಸುಮಾರು 733 ಮಿ.ಮೀ., ಹತ್ತಿರ ಹತ್ತಿರ ಶೇ. 10 ಹೆಚ್ಚು. ಅಂದರೆ ಚಕ್ರ ಒಂದು ಸುತ್ತಿಗೆ ಅಷ್ಟು ಹೆಚ್ಚು ದೂರ ಹೋಗುತ್ತದೆ, ಸ್ಪೀಡೋಮೀಟರಿಗೆ ಅದು ತಿಳಿಯುವುದಿಲ್ಲ. ನಿಯಮದ ಪ್ರಕಾರ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಹೆಚ್ಚು ತೋರಿಸಬಹುದು: ನಿಜದಲ್ಲಿ 100 ಕಿ.ಮೀ. ಇದ್ದಾಗ ಮುಳ್ಳು 100ರಿಂದ 114ರೊಳಗೆ ಎಲ್ಲಿದ್ದರೂ ಸರಿ, 99 ಮಾತ್ರ ಸರಿಯಲ್ಲ. ಅಷ್ಟು ದೊಡ್ಡ ಟೈರು ಹಾಕಿದರೆ ಸ್ಪೀಡೋಮೀಟರ್ ಹೊಂದಿಸಿ ಅದಕ್ಕೂ ಪುರಾವೆ ತರಬೇಕು. ಸಾಲದ್ದಕ್ಕೆ 1.3 ಲೀಟರಿನ ಆ ಪುಟ್ಟ ಎಂಜಿನ್ ದೊಡ್ಡ ಚಕ್ರವನ್ನು ಏರಿನಲ್ಲಿ ಎಳೆಯಲು ಏದುಸಿರು ಬಿಡುತ್ತದೆ. 215/75 ಹಾಕು, ವ್ಯಾಸ ಶೇ. 5ರಷ್ಟು ಮಾತ್ರ ಹೆಚ್ಚುತ್ತದೆ. ಸ್ಪೀಡೋಮೀಟರನ್ನು ಆಗಲೂ ತಪಾಸಕರು ಅಳೆದು ನೋಡಬಹುದು, ಆದರೆ ಗಾಡಿಯ ಜೀವ ಉಳಿಯುತ್ತದೆ. ಇನ್ನೊಂದು: ಬರೀ ಎಂ+ಎಸ್ (ಕೆಸರು ಮತ್ತು ಹಿಮ) ಅಂತ ಬರೆದ ಮಡ್ ಟೈರು 2024ರ ಅಕ್ಟೋಬರ್‌ನಿಂದ ಚಳಿಗಾಲದ ಟೈರ್ ಅಂತ ನಡೆಯುವುದಿಲ್ಲ. ಬೆಟ್ಟ ಮತ್ತು ಹಿಮದ ಹರಳಿನ ಚಿಹ್ನೆ ಇರಲೇಬೇಕು.

ಲಿಫ್ಟ್ ಅಂದರೆ ಬರೀ ಸ್ಪ್ರಿಂಗ್ ಬದಲಿಸುವುದಲ್ಲ. ಜಿಮ್ನಿಯದ್ದು ಹಿಂದೆ ಮುಂದೆ ಎರಡೂ ಇಡೀ ಆಕ್ಸಲ್, ಅಂದರೆ ಎರಡು ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ತೊಲೆ. ಅದನ್ನು ಅಡ್ಡಕ್ಕೆ ಹಿಡಿದಿಡುವ ಪಾನ್‌ಹಾರ್ಡ್ ರಾಡ್ ಬಾಡಿ ಮೇಲೇರಿದಂತೆ ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಮುಂದಿನ ಕ್ಯಾಸ್ಟರ್ ಕೋನ (ಚಕ್ರ ತಿರುಗುವ ಅಕ್ಷದ ಓರೆ) ಕಡಿಮೆಯಾಗಿ ಸ್ಟಿಯರಿಂಗ್ ತಾನೇ ನೇರಕ್ಕೆ ಮರಳುವುದು ಮಂದವಾಗುತ್ತದೆ. ಬ್ರೇಕ್ ಹೋಸ್ ಬಿಗಿಯಾಗುತ್ತದೆ. ಇವೆಲ್ಲ ಸರಿಯಾದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಆ ಅಳತೆಯ ಚೀಟಿಯನ್ನು ಫೈಲಿನಲ್ಲಿಟ್ಟುಕೋ. ಹೆಡ್‌ಲೈಟನ್ನೂ ಮತ್ತೆ ಹೊಂದಿಸಲೇಬೇಕು, ಇಲ್ಲದಿದ್ದರೆ ಎದುರು ಬರುವವರ ಕಣ್ಣಿಗೆ ನೇರವಾಗಿ ಹೊಡೆಯುತ್ತದೆ.

ತಪಾಸಣೆಯ ದಿನ ಏನು ನಡೆಯುತ್ತದೆ ಅಂತ ನೀನು ಕೇಳಿದ್ದೀಯ. ನನ್ನ ಗಾಡಿ ನೋಡಿದವರು ಮೊದಲು ಟಾರ್ಚ್ ಹಿಡಿದು ಸ್ಪ್ರಿಂಗಿನ ಸುರುಳಿಯ ಮೇಲಿದ್ದ ನಂಬರನ್ನು ವರದಿಯ ನಂಬರಿಗೆ ಹೋಲಿಸಿದರು. ಕೆಸರು ಮೆತ್ತಿದ್ದರೆ, ಮೇಲೆ ಬಣ್ಣ ಬಳಿದಿದ್ದರೆ ಅದು ಕಾಣುವುದೇ ಇಲ್ಲ, ಆದ್ದರಿಂದ ಚೆನ್ನಾಗಿ ಒರೆಸಿಕೊಂಡು ಹೋಗು. ಆಮೇಲೆ ಎಡ ಮುಂದಿನ ಚಕ್ರವನ್ನೂ ಬಲ ಹಿಂದಿನ ಚಕ್ರವನ್ನೂ ದಿಮ್ಮಿಗಳ ಮೇಲೆ ಹತ್ತಿಸಿ, ಆಕ್ಸಲುಗಳು ತಿರುಚಿಕೊಂಡ ಸ್ಥಿತಿಯಲ್ಲೇ ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಲು ಹೇಳಿದರು. ಟೈರಿಗೂ ಮಡ್‌ಗಾರ್ಡಿನ ಒಳಮೈಗೂ ನಡುವೆ ಬೆರಳು ಆಡಿಸಿ ನೋಡಿದರು. ಬ್ರೇಕ್ ಹೋಸನ್ನು ಹಿಡಿದು ಎಳೆದು, ಇನ್ನೂ ಎಷ್ಟು ಸಡಿಲವಿದೆ ಅಂತ ನನಗೂ ತೋರಿಸಿದರು. ಟೈರು ಹೊರಗೆ ಇಣುಕುತ್ತದೆಯೇ ಅನ್ನುವುದಕ್ಕೂ ಲೆಕ್ಕವಿದೆ: ಚಕ್ರದ ನಡುಬಿಂದುವಿನ ನೇರ ಮೇಲಿನಿಂದ ಮುಂದಕ್ಕೆ 30 ಡಿಗ್ರಿ, ಹಿಂದಕ್ಕೆ 50 ಡಿಗ್ರಿ, ಅಷ್ಟರೊಳಗೆ ನೆಲ ಮುಟ್ಟುವ ಅಗಲವೆಲ್ಲ ಮುಚ್ಚಿರಬೇಕು. ಈ ಮನುಷ್ಯ ತಪ್ಪು ಹುಡುಕುತ್ತಿಲ್ಲ, ನಾಳೆ ಕಲ್ಲಿನ ಮೇಲೆ ನನ್ನ ಗಾಡಿ ಹೇಗೆ ಬಾಗುತ್ತದೋ ಹಾಗೆಯೇ ಇವತ್ತು ಬಾಗಿಸಿ ನೋಡುತ್ತಿದ್ದಾರೆ ಅಂತ ಅಲ್ಲಿ ನಿಂತಾಗ ಮನವರಿಕೆಯಾಯಿತು. ಹಾಗಾಗಿ ಕಾನೂನನ್ನು ಹೇಗೆ ತಪ್ಪಿಸುವುದು ಅಂತ ಸಲಹೆ ಕೊಡುವವರ ಮಾತು ನೀನು ಕೇಳಬಾರದು ಅಂತ ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಎಲ್ಇಡಿ ಬಾರ್ ಕೊಂಡರೆ ಗಾಜಿನ ಮೇಲೆ 'ಇ' ಗುರುತು, ಅಂದರೆ ರಸ್ತೆಗೆ ಒಪ್ಪಿದ ಮುದ್ರೆ, ಇದೆಯೇ ನೋಡಿಕೋ. ವರ್ಕ್ ಲೈಟ್ ಅಂತ ಮಾರುವುದನ್ನು ಗಾಡಿ ಓಡುವಾಗ ರಸ್ತೆಯಲ್ಲಿ ಹಚ್ಚುವಂತಿಲ್ಲ. ವಿಂಚು ಮತ್ತು ಕಬ್ಬಿಣದ ಬಂಪರ್ ಸದ್ಯಕ್ಕೆ ಬಿಡು. ಪಾದಚಾರಿಗಳ ಸುರಕ್ಷತೆಗಾಗಿ ಮುಂಭಾಗದ ನಿಯಮಗಳು ಬಿಗಿಯಾಗಿವೆ, ಮುಂದಿನ ತೂಕ ಹೆಚ್ಚಿದರೆ ಈಗ ಆರಿಸುವ ಸ್ಪ್ರಿಂಗೂ ತಪ್ಪಾಗುತ್ತದೆ.

ಒಪ್ಪಿಗೆಯ ಕಾಗದ ಕೈಗೆ ಬಂದ ಮೇಲೆ ಅದರಲ್ಲೇ ಬರೆದಿರುತ್ತದೆ, ನೋಂದಣಿ ಕಚೇರಿಗೆ ಈಗಲೇ ಹೋಗಬೇಕೋ ಮುಂದಿನ ಸಲ ಹೋದಾಗ ಸಾಕೋ ಅಂತ. 21ನೇ ಕಲಮಿನದ್ದಾದರೆ ಕೂಡಲೇ ಹೋಗು. ಹೊಸ ಫಾರ್‌ತ್ಸೋಯ್ಗ್‌ಶೈನ್ (ನೋಂದಣಿ ಪತ್ರ) ಕೊಟ್ಟಾಗ ಕೌಂಟರಿನಲ್ಲೇ ನಿಂತು ಓದು: 20ನೇ ಕಾಲಮಿನಲ್ಲಿ ಹೊಸ ಎತ್ತರ, 22ರಲ್ಲಿ ಟೈರು, ಸ್ಪ್ರಿಂಗಿನ ವಿವರ. ಒಂದು ಅಂಕಿ ತಪ್ಪಿದ್ದರೂ ಅಲ್ಲೇ ತಿದ್ದಿಸು. ಆಮೇಲೆ ವಿಮಾ ಕಂಪನಿಗೆ ಒಂದು ಮೇಲ್ ಹಾಕಿ ತಿಳಿಸು. ಬಿಚ್ಚಿದ ಹಳೇ ಸ್ಪ್ರಿಂಗು, ಹಳೇ ಟೈರು ಎಸೆಯಬೇಡ. ಮಾರುವ ದಿನ ಬಂದರೆ ಅವುಗಳಿಗೂ ಬೆಲೆಯಿದೆ.

ಆ ಎರಡು ವರದಿಗಳ ಪಿಡಿಎಫ್ ಇವತ್ತೇ ಕಳಿಸು, ಷರತ್ತಿನ ಪುಟಗಳನ್ನು ಇಬ್ಬರೂ ಫೋನಿನಲ್ಲಿ ಕೂತು ಓದೋಣ. ಕಾಡಿನ ದಾರಿಗಳಿಗೆ ಸುಮ್ಮನೆ ಗಾಡಿ ಇಳಿಸಲು ಇಲ್ಲಿ ಬಿಡುವುದಿಲ್ಲ. ಎಲ್ಲ ಮುಗಿದ ಮೇಲೆ ಬವೇರಿಯಾದ ಲಾಂಗೆನಾಲ್ಟ್‌ಹೈಮ್‌ನ ಆಫ್‌ರೋಡ್ ಮೈದಾನಕ್ಕೆ ಹೋಗೋಣ, ಮೊದಲ ಏರು ನೀನೇ ಹತ್ತು.

ನಿನ್ನ
ಹಳೇ ಗೆಳೆಯ