ಪ್ರಕಾಶಕರೇ, ಎಂಥಾ ಪ್ರೇಮ ಕಾದಂಬರಿ ಬೇಕು ಅಂತ ಬರೆಯೋರಿಗೆ ಬಾಯ್ಬಿಟ್ಟು ಹೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಈಗಿನ ಹುಡುಗೀರು ಮೊಬೈಲಲ್ಲಿ ಬರೀ ಲವ್ ಸ್ಟೋರಿ ಓದ್ತಾರೆ, ಎಲ್ಲಾ ಒಂದೇ ಥರದ್ದು ಅಂತ ನಿಮ್ಮ ಓದುಗರೊಬ್ರು ಬರೆದಿದ್ದು ನೋಡಿ ಬೇಜಾರಾಯ್ತು. ನಾನು ಶಿರಸಿಯಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಕೊಂಡವಳು, ಜಿಲ್ಲೆಯ ಎಲ್ಲಾ ಕಡೆಯಿಂದ ಕಾದಂಬರಿ ಟೈಪಿಂಗಿಗೆ, ಪ್ರಿಂಟಿಗೆ ಬರತ್ತೆ, ಹಾಗಾಗಿ ಅಚ್ಚಾಗೋಕೆ ಮುಂಚೆನೇ ಓದೋ ಭಾಗ್ಯ ನಂದು. ಸಿದ್ದಾಪುರದ ಕಡೆಯವರೊಬ್ರು ಅಡಿಕೆ ತೋಟ ಇದ್ದೂ ಹೆಣ್ಣು ಸಿಗದ ಹುಡುಗನ ಕತೆ ಬರೀತಿದಾರೆ, ಹೊನ್ನಾವರದ ಕಾಲೇಜು ಹುಡುಗಿಯದ್ದು ಶರಾವತಿ ದಡದ ಹಳೇ ಮನೆ, ಅಲ್ಲೊಂದು ದೆವ್ವ, ಆ ದೆವ್ವಕ್ಕೂ ಪ್ರೀತಿ. ಕಾರವಾರದ ನರ್ಸ್ ಒಬ್ರು ವಾಟ್ಸಾಪಲ್ಲಿ ಅಧ್ಯಾಯ ಕಳಿಸ್ತಾರೆ, ಪೂರ್ತಿ ಆಸ್ಪತ್ರೆ ನೈಟ್ ಡ್ಯೂಟಿಯಲ್ಲೇ ನಡೆಯೋ ಕತೆ, ಮಾತುಕತೆಯಲ್ಲಿ ಅರ್ಧ ಕೊಂಕಣಿ. ಇವು ಮೂರೂ ಒಂದೇ ಥರ ಅಂತ ಹೇಗೆ ಹೇಳೋದು?

ಇಂಗ್ಲಿಷಲ್ಲಿ ಇದನ್ನ ಯಾವತ್ತೋ ಅರ್ಥ ಮಾಡ್ಕೊಂಡಿದಾರೆ. ಪ್ರೇಮ ಕಾದಂಬರಿಗೇ ಹೆಸರಾದ ಪ್ರಕಾಶನ ಮಿಲ್ಸ್ ಅಂಡ್ ಬೂನ್ 1908ರಲ್ಲಿ ಲಂಡನ್ನಲ್ಲಿ ಶುರುವಾಗಿದ್ದು, ಕೆನಡಾದ ಹಾರ್ಲೆಕ್ವಿನ್ 1949ರದ್ದು, 1971ರಲ್ಲಿ ಎರಡೂ ಒಂದಾದ್ವು. ಅವರಲ್ಲಿ ಆಸ್ಪತ್ರೆ ಕತೆಗೆ ಒಂದು ಮಾಲಿಕೆ, ಇತಿಹಾಸದ ಕತೆಗೆ ಬೇರೆ ಮಾಲಿಕೆ, ಹೀಗೆ ಪ್ರತಿಯೊಂದಕ್ಕೂ ಓದುಗರು ಬೇರೆ. ಹೊಸಬರಿಗೆ ಮುಖ್ಯವಾದ್ದು ಏನಂದ್ರೆ ಎಷ್ಟು ಉದ್ದ ಇರ್ಬೇಕು, ಎಂಥಾ ನಾಯಕಿ ಬೇಕು, ಎಲ್ಲಿಗೆ ಕಳಿಸ್ಬೇಕು ಅಂತ ಅವರೇ ಬರೆದು ಹಾಕ್ತಾರೆ, ಆಸ್ಪತ್ರೆ ಕತೆಗೆ ಸುಮಾರು 50,000 ಪದ ಸಾಕು, ಇತಿಹಾಸದ್ದಾದ್ರೆ ಜಾಸ್ತಿ, ಏಜೆಂಟ್ ಇಲ್ಲದೇ ನೇರ ಕಳಿಸ್ಬಹುದು. ಕಾರವಾರದ ಆ ನರ್ಸ್ ಇಂಗ್ಲಿಷಲ್ಲಿ ಬರೆಯೋರಾಗಿದ್ರೆ ಎಲ್ಲಿಗೆ ಕಳಿಸ್ಬೇಕು ಅಂತ ಇವತ್ತೇ ಗೊತ್ತಾಗ್ತಿತ್ತು.

ನಮ್ಮಲ್ಲಿ ಕತೆನ ಓದುಗರಿಗೆ ಮುಟ್ಟಿಸೋ ಕೆಲಸ ವಾರಪತ್ರಿಕೆಗಳು ಮಾಡ್ತಿದ್ವು. 1965ರಲ್ಲಿ ಸುಧಾ, 1983ರಲ್ಲಿ ತರಂಗ ಬಂದ ಮೇಲೆ ಧಾರಾವಾಹಿಗೋಸ್ಕರ ವಾರ ಪೂರ್ತಿ ಕಾಯ್ತಿದ್ದ ಮನೆಗಳು ಘಟ್ಟದ ಮೇಲೂ ಕೆಳಗೂ ಎಷ್ಟಿದ್ವು, ಅದು ಮುಗಿದ ಮೇಲೆ ಪುಸ್ತಕವಾಗಿ ಬಾಡಿಗೆ ಲೈಬ್ರರಿಗೆ ಬರೋದು, ರಟ್ಟು ಕಿತ್ತು ಹೋಗೋವರೆಗೂ ಕೈ ಬದಲಾಗೋದು. ಈಗ ಆ ಓದುಗರೆಲ್ಲಾ ಮೊಬೈಲಿಗೆ ಹೋಗಿದಾರೆ. ಬೆಂಗಳೂರಲ್ಲಿ 2014ರಲ್ಲಿ ಶುರುವಾದ ಪ್ರತಿಲಿಪಿ ಅನ್ನೋ ಕತೆ ಆ್ಯಪಲ್ಲಿ ಯಾರು ಬೇಕಾದ್ರೂ ಬರೀಬಹುದು, ಯಾರ ಅಪ್ಪಣೆನೂ ಬೇಡ, ಮನೆಕೆಲಸ ಮುಗಿಸಿ ರಾತ್ರಿ ಒಂದೊಂದು ಕಂತು ಹಾಕೋ ಹೆಂಗಸರಿಗೆ ಇದು ದೊಡ್ಡ ಉಪಕಾರ. ಆದ್ರೆ ಅಲ್ಲಿ ಕೂತು ತಿದ್ದಿ ಕೊಡೋ ಸಂಪಾದಕರು ಸಿಗಲ್ಲ, ಮುಂದಿನ ಕಂತು ಬೇಗ ಹಾಕಿ ಅನ್ನೋ ಕಾಮೆಂಟ್ ಮಾತ್ರ ಸಿಗತ್ತೆ. ಅದಕ್ಕೇ ಪುಸ್ತಕ ಆಗ್ಬೇಕು ಅನ್ನೋ ಆಸೆ ಅವರಿಗೆ ಹೋಗಿಲ್ಲ.

ಪುಸ್ತಕ ಅಂತ ಹೊರಟ್ರೆ ಶುರುವಾಗತ್ತೆ ಕಷ್ಟ. ಫೋನಲ್ಲಿ ಟೈಪ್ ಮಾಡಿದ್ದು ಯೂನಿಕೋಡಲ್ಲಿ ಇರತ್ತೆ, ತುಂಬಾ ಪ್ರೆಸ್‌ನವರು ಇನ್ನೂ ಪುಟ ಜೋಡಿಸೋ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರಲ್ಲೇ ಇದಾರೆ, ನುಡಿ ಫಾಂಟಿಗೆ ಮಾಡ್ಕೊಡಿ ಅಂತಾರೆ, ಕನ್ವರ್ಟ್ ಮಾಡಿದ್ರೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂತಿರತ್ತೆ, ಕೆಲವು ಕಡೆ ಒತ್ತಕ್ಷರನೇ ಮಾಯ. ಇನ್ನೂರು ಪುಟ ಒಂದೊಂದೇ ಸಾಲು ನೋಡಿ ಸರಿಮಾಡ್ಬೇಕು. ಇದಾದ್ರೂ ಮಾಡ್ಬಹುದು. ನನಗೆ ಸಂಕಟ ಆಗೋದು ಹಣದ ವಿಷಯದಲ್ಲಿ. ಒಬ್ಬ ಪ್ರಕಾಶಕರು, ಹೆಸರು ಬೇಡ, ನಮ್ಮೂರ ಹುಡುಗಿ ಹತ್ರ ಅಚ್ಚಿನ ಖರ್ಚು ಪೂರ್ತಿ ತಗೊಂಡು, ಪುಸ್ತಕದ ಗುರುತಿಗೆ ಕೊಡೋ ಐಎಸ್‌ಬಿಎನ್ ನಂಬರಿಗೆ ಅಂತ ಬೇರೆ ದುಡ್ಡು ಕೇಳಿದ್ರು. ನಮ್ಮ ದೇಶದಲ್ಲಿ ಆ ನಂಬರು ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿಯಿಂದ ಪುಕ್ಕಟೆ ಸಿಗತ್ತೆ, ಲೇಖಕರೇ ಅರ್ಜಿ ಹಾಕ್ಬಹುದು. ಮೇಲಿಂದ ಎಲ್ಲಾ ಹಕ್ಕು ಶಾಶ್ವತವಾಗಿ ಕೊಟ್ಟಿದೀನಿ ಅಂತ ಬರೆದ ಕಾಗದಕ್ಕೆ ಸಹಿ ಬೇರೆ. 1957ರ ಕಾಪಿರೈಟ್ ಕಾಯ್ದೆ 19ನೇ ಸೆಕ್ಷನ್ ಪ್ರಕಾರ ಹಕ್ಕು ಬಿಟ್ಕೊಡೋದು ಬರವಣಿಗೆಯಲ್ಲೇ ಇರ್ಬೇಕು, ಎಷ್ಟು ವರ್ಷ ಅಂತ ಬರೀದೇ ಹೋದ್ರೆ ಐದೇ ವರ್ಷ ಅಂತ ಲೆಕ್ಕ. ಆ ಶಾಶ್ವತ ಅನ್ನೋದನ್ನ ಹೊಡೆದು ಹಾಕಿಸಿ ಇಷ್ಟೇ ವರ್ಷ ಅಂತ ಬರೆಸ್ಕೊಳಿ, ಆಡಿಯೋ, ಸೀರಿಯಲ್, ಸಿನಿಮಾ ಹಕ್ಕು ನಿಮ್ಮ ಹತ್ರನೇ ಇಟ್ಕೊಳಿ ಅಂತ ಅಂಗಡಿಗೆ ಬಂದೋರಿಗೆಲ್ಲಾ ಹೇಳ್ತೀನಿ. ಬರೆದೋಳೇ ದುಡ್ಡು ಕೊಟ್ಟು ಹಕ್ಕನ್ನೂ ಕೊಡೋದು ಯಾವ ನ್ಯಾಯ?

ಕನ್ನಡದ ಪ್ರಕಾಶಕರಲ್ಲಿ ನನ್ನ ವಿನಂತಿ ಇಷ್ಟೇ. ನಿಮಗೆ ಎಂಥಾ ಪ್ರೇಮ ಕಾದಂಬರಿ ಬೇಕು, ಎಷ್ಟು ಪುಟ, ಯೂನಿಕೋಡ್ ನಡೆಯತ್ತಾ, ಎಷ್ಟು ದಿನದಲ್ಲಿ ಉತ್ತರ ಕೊಡ್ತೀರಿ, ಸಂಭಾವನೆ ಹೇಗೆ, ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಎಲ್ಲರಿಗೂ ಕಾಣೋ ಹಾಗೆ ಹಾಕಿ. ಬೇಡ ಅಂದ್ರೆ ಬೇಡ ಅಂತನೇ ಹಾಕಿ, ವರ್ಷಗಟ್ಟಲೆ ಕಾಯೋದಾದ್ರೂ ತಪ್ಪತ್ತೆ.

ನಿಮ್ಮ ಪತ್ರಿಕೆಗೂ ಒಂದು ಮಾತು. ಭಾನುವಾರದ ಪುರವಣಿಯಲ್ಲಿ ನಮ್ಮ ಜಿಲ್ಲೆಯವರ ಒಂದು ಪ್ರೇಮ ಧಾರಾವಾಹಿಗೆ ಜಾಗ ಕೊಡಿ, ಸಂಭಾವನೆ ಎಷ್ಟು ಅಂತ ಆಹ್ವಾನದಲ್ಲೇ ಅಚ್ಚು ಹಾಕಿ. ಕರಾವಳಿ ಕನ್ನಡ, ಹವ್ಯಕ ಕನ್ನಡ, ಮಧ್ಯ ಕೊಂಕಣಿ ಬಂದ್ರೆ ತಿದ್ದಬೇಡಿ. ಕಳಿಸೋರು ಇದಾರೆ, ನಾನೇ ಟೈಪ್ ಮಾಡಿ ಕಳಿಸ್ತೀನಿ.

ಇತಿ,
ನಿಮ್ಮ ಪತ್ರಿಕೆಯ ಓದುಗಾರ್ತಿ, ಶಿರಸಿ